ಹದಿನೇಳನೆಯ ಆಯ್ಕೆ ಯಾವ ಸ್ಥಾನಕ್ಕೆ? ಬೆಂಗಾಲ್ಸ್ ತಂಡದ 2025ರ ಡ್ರಾಫ್ಟ್ ಕುರಿತು, ಅದಕ್ಕೆ ಮುಂಚೆ ನಡೆದ ಚರ್ಚೆ

ಚರ್ಚೆಯ ಆರಂಭ (ಕೊಲಂಬಸ್, ಒಹಾಯೊ)

2025ರ ಏಪ್ರಿಲ್ 24ರಂದು ಗ್ರೀನ್ ಬೇಯಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ, ಶುರುವಾಗಲಿದೆ. ಸಿನ್ಸಿನಾಟಿ ಬೆಂಗಾಲ್ಸ್ ಕೈಯಲ್ಲಿರುವುದು ಆರೇ ಆಯ್ಕೆಗಳು: ಮೊದಲ ಸುತ್ತಿನ 17, ಎರಡನೆಯ ಸುತ್ತಿನ 49, ಮೂರನೆಯ ಸುತ್ತಿನ 81, ಆಮೇಲೆ 119, 153 ಮತ್ತು 193. ಇಷ್ಟು ಕಡಿಮೆ ಆಯ್ಕೆಗಳಿರುವಾಗ ಯಾವ ಸ್ಥಾನಕ್ಕೆ ಆದ್ಯತೆ ಕೊಡಬೇಕೆಂಬ ಪ್ರಶ್ನೆಯನ್ನು ಇಲ್ಲಿ ಕೂಲಂಕಷವಾಗಿ ಚರ್ಚಿಸಬೇಕೆಂಬುದು ನನ್ನ ಆಸೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಆಯ್ಕೆ ಎಡ್ಜ್ ರಷರ್‌ಗೆ, ಅಂದರೆ ರಕ್ಷಣಾ ಸಾಲಿನ ಅಂಚಿನಿಂದ ನುಗ್ಗಿ, ಪಾಸ್ ಎಸೆಯುವ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವ ಆಟಗಾರನಿಗೆ ಸಲ್ಲಬೇಕು. ಅಂಥವರು ಸಿಗದಿದ್ದರೆ ಅದೇ ಸಾಲಿನ ನಡುವೆ ನಿಲ್ಲುವ ಡಿಫೆನ್ಸಿವ್ ಟ್ಯಾಕಲ್‌ಗೆ.

ಕಳೆದ ಋತುವನ್ನು ನೆನಪಿಸಿಕೊಳ್ಳಿ. ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಬರೋ 4,918 ಗಜಗಳಷ್ಟು ಪಾಸ್ ಎಸೆದರು, 43 ಟಚ್‌ಡೌನ್ ಕೊಟ್ಟರು. ಎರಡರಲ್ಲೂ ಲೀಗ್‌ಗೆ ಮೊದಲಿಗರು. ಪಾಸ್ ಹಿಡಿಯುವ ರಿಸೀವರ್ ಜಮಾರ್ ಚೇಸ್ 127 ಕ್ಯಾಚ್, 1,708 ಗಜ, 17 ಟಚ್‌ಡೌನ್ ಗಳಿಸಿ ಮೂರೂ ಪಟ್ಟಿಗಳಲ್ಲಿ ಅಗ್ರಸ್ಥಾನ ಪಡೆದರು. ಇಷ್ಟಾದರೂ ತಂಡ 9 ಗೆಲುವು, 8 ಸೋಲುಗಳೊಂದಿಗೆ ಪ್ಲೇಆಫ್‌ನಿಂದ ಹೊರಗುಳಿಯಿತು. ವಾಷಿಂಗ್ಟನ್ ವಿರುದ್ಧ 38–33, ಬಾಲ್ಟಿಮೋರ್ ವಿರುದ್ಧ 41–38, ಮತ್ತೆ ಬಾಲ್ಟಿಮೋರ್ ವಿರುದ್ಧ 35–34, ಪಿಟ್ಸ್‌ಬರ್ಗ್ ವಿರುದ್ಧ 44–38. ಈ ನಾಲ್ಕೂ ಸೋಲುಗಳಲ್ಲಿ ನಮ್ಮವರು 33 ಅಥವಾ ಅದಕ್ಕಿಂತ ಹೆಚ್ಚು ಅಂಕ ಗಳಿಸಿದ್ದರು. ಮೂವತ್ತಕ್ಕೂ ಹೆಚ್ಚು ಅಂಕ ಗಳಿಸಿ ನಾಲ್ಕು ಬಾರಿ ಸೋಲುವ ತಂಡಕ್ಕೆ ಕಾಯಿಲೆ ಎಲ್ಲಿದೆ ಎಂದು ಕೇಳಬೇಕಾಗಿಲ್ಲ. ರಕ್ಷಣಾ ತರಬೇತುದಾರ ಲೂ ಅನರೂಮೊ ಅವರನ್ನು ಕಳುಹಿಸಿ, ನೊಟ್ರೆ ಡೇಮ್‌ನಿಂದ ಆಲ್ ಗೋಲ್ಡನ್ ಅವರನ್ನು ಕರೆತಂದದ್ದೂ ಇದೇ ಕಾರಣಕ್ಕೆ. ಆದರೆ ತರಬೇತುದಾರ ಬದಲಾದರಷ್ಟೇ ಸಾಲದು, ಕೆಡವುವ ಕೈಗಳೂ ಬೇಕು.

ರಕ್ಷಣೆಯಲ್ಲೇ ಎಡ್ಜ್ ಏಕೆ, ಲೈನ್‌ಬ್ಯಾಕರ್ (ಆ ಸಾಲಿನ ಹಿಂದೆ ನಿಲ್ಲುವವನು) ಅಥವಾ ಸೇಫ್ಟಿ (ತೀರ ಹಿಂಬದಿಯನ್ನು ಕಾಯುವವನು) ಏಕೆ ಬೇಡ ಎಂದು ಕೇಳುವವರಿಗೆ ನನ್ನ ಉತ್ತರ ಹಣದ ಲೆಕ್ಕದಲ್ಲಿದೆ. 2023ರ ಸೆಪ್ಟೆಂಬರ್‌ನಲ್ಲಿ ಬರೋ ಅವರೊಂದಿಗೆ ಐದು ವರ್ಷಕ್ಕೆ 27.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಈ ಮಾರ್ಚ್‌ನಲ್ಲಿ ಚೇಸ್ ಅವರಿಗೆ ನಾಲ್ಕು ವರ್ಷಕ್ಕೆ 16.1 ಕೋಟಿ, ಇನ್ನೊಬ್ಬ ರಿಸೀವರ್ ಟೀ ಹಿಗಿನ್ಸ್ ಅವರಿಗೆ ನಾಲ್ಕು ವರ್ಷಕ್ಕೆ 11.5 ಕೋಟಿ. ವಾರ್ಷಿಕ ಸರಾಸರಿ ತೆಗೆದರೆ ಈ ಮೂವರಿಗೇ 12.4 ಕೋಟಿ ಆಗುತ್ತದೆ. 2025ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡ ಆಟಗಾರರ ಸಂಬಳಕ್ಕೆ ವ್ಯಯಿಸಬಹುದಾದ ಮಿತಿ, ಇರುವುದು 27.92 ಕೋಟಿ. ಒಪ್ಪಂದದ ಹಣ ಕ್ಯಾಪ್‌ನಲ್ಲಿ ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಕೂರುತ್ತದೆ ಎಂಬುದು ನಿಜ, ಆದರೂ ದಿಕ್ಕು ಸ್ಪಷ್ಟ. ಉಳಿದ ಐವತ್ತು ಆಟಗಾರರನ್ನು ಕಡಿಮೆ ದುಡ್ಡಿನಲ್ಲಿ ಹೊಂದಿಸಬೇಕು, ಹಾಗೆ ಹೊಂದಿಸಲು ಡ್ರಾಫ್ಟ್ ಒಂದೇ ಖಚಿತವಾದ ದಾರಿ.

2011ರ ಕಾರ್ಮಿಕ ಒಪ್ಪಂದದ ನಂತರ ಹೊಸ ಆಟಗಾರನ ಸಂಬಳವನ್ನು ನಿರ್ಧರಿಸುವುದು ಅವನ ಸ್ಥಾನವಲ್ಲ, ಅವನು ಎಷ್ಟನೆಯ ಆಯ್ಕೆ ಎಂಬ ಸಂಖ್ಯೆ. 17ನೆಯ ಆಯ್ಕೆಯಾಗಿ ಬಂದವನು ಸೇಫ್ಟಿಯಾಗಿರಲಿ, ಎಡ್ಜ್ ಆಟಗಾರನಾಗಿರಲಿ, ನಾಲ್ಕು ವರ್ಷಗಳ ಸರಾಸರಿ ವರ್ಷಕ್ಕೆ ಐವತ್ತು ಲಕ್ಷ ಡಾಲರ್‌ನ ಒಳಗೇ ಇರುತ್ತದೆ. ಹೊರಗಿನ ದರ ನೋಡಿ: ಈ ಮಾರ್ಚ್‌ನಲ್ಲಿ ಎಡ್ಜ್ ಆಟಗಾರರಾದ ಮೈಲ್ಸ್ ಗ್ಯಾರೆಟ್ ವರ್ಷಕ್ಕೆ 4 ಕೋಟಿಗೂ, ಮ್ಯಾಕ್ಸ್ ಕ್ರಾಸ್ಬಿ 3.55 ಕೋಟಿಗೂ ಸಹಿ ಹಾಕಿದರು. ಆದರೆ ಕಳೆದ ವರ್ಷ ಸೇಫ್ಟಿಗಳ ಪೈಕಿ ಅತಿ ದೊಡ್ಡ ಒಪ್ಪಂದ ಪಡೆದ ಆಂಟ್ವಾನ್ ವಿನ್‌ಫೀಲ್ಡ್ ಅವರ ಸರಾಸರಿ 2.1 ಕೋಟಿ, ಲೈನ್‌ಬ್ಯಾಕರ್ ರೊಕ್ವಾನ್ ಸ್ಮಿತ್ ಅವರದು 2 ಕೋಟಿ. ಒಂದೇ ಬೆಲೆಗೆ ಎರಡು ವಸ್ತು ಸಿಗುವಾಗ, ಹೊರಗೆ ಯಾವುದು ದುಬಾರಿಯೋ ಅದನ್ನೇ ಕೊಳ್ಳುವುದು ಜಾಣತನ. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ಒಳ್ಳೆಯ ಎಡ್ಜ್ ಆಟಗಾರರು, ಒಳ್ಳೆಯ ಎಡ ಟ್ಯಾಕಲ್‌ಗಳು (ಆಕ್ರಮಣ ಸಾಲಿನ ಎಡ ಅಂಚಿನಲ್ಲಿ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವವರು) ಒಪ್ಪಂದ ಮುಗಿದು ಬೇರೆ ತಂಡಕ್ಕೆ ಹೋಗಬಲ್ಲ ಫ್ರೀ ಏಜೆಂಟ್‌ಗಳಾಗುವುದೇ ಅಪರೂಪ. ಅವರನ್ನು ಹೊಂದಿರುವ ತಂಡ ಕೈಬಿಡುವುದಿಲ್ಲ. ಗಾರ್ಡ್ (ಅದೇ ಸಾಲಿನ ಒಳಭಾಗದಲ್ಲಿ ನಿಲ್ಲುವವನು), ಸೇಫ್ಟಿ, ಲೈನ್‌ಬ್ಯಾಕರ್, ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಪ್ರತಿ ಮಾರ್ಚ್‌ನಲ್ಲೂ ಸಿಗುತ್ತಾರೆ. ಸಂತೆಗೆ ಬಾರದ ಸರಕನ್ನು ನಮ್ಮ ಹೊಲದಲ್ಲೇ ಬೆಳೆಯಬೇಕಲ್ಲವೇ?

ಕಳೆದ ಋತುವಿನಲ್ಲಿ ನಮ್ಮ ಎಡ್ಜ್ ಆಟಗಾರ ಟ್ರೇ ಹೆಂಡ್ರಿಕ್ಸನ್ 17.5 ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡವುವುದು) ಗಳಿಸಿ ಲೀಗ್‌ಗೆ ಮೊದಲಿಗರಾದರು. ಅದು ತಂಡದ ಒಟ್ಟು ಸ್ಯಾಕ್‌ಗಳ ಹತ್ತಿರ ಹತ್ತಿರ ಅರ್ಧ. ಅವರಿಗೀಗ ಮೂವತ್ತು ವರ್ಷ, ಒಪ್ಪಂದದ ಕೊನೆಯ ವರ್ಷ ನಡೆಯುತ್ತಿದೆ, ಬೇರೆ ತಂಡ ಹುಡುಕಿಕೊಳ್ಳಲು ಅವರಿಗೆ ಅನುಮತಿಯನ್ನೂ ಕೊಡಲಾಗಿದೆ. ಇನ್ನೊಂದು ಅಂಚಿನಲ್ಲಿದ್ದ ಸ್ಯಾಮ್ ಹಬರ್ಡ್ ನಿವೃತ್ತರಾದರು. 2023ರಲ್ಲಿ 28ನೆಯ ಆಯ್ಕೆಯಾಗಿ ಬಂದ ಮೈಲ್ಸ್ ಮರ್ಫಿ ತಮ್ಮ ಎರಡನೆಯ ವರ್ಷದಲ್ಲಿ ಒಂದೂ ಸ್ಯಾಕ್ ಪಡೆಯಲಿಲ್ಲ. ಈ ಸ್ಥಿತಿಯಲ್ಲಿ ಬೇರೆ ಸ್ಥಾನವನ್ನು ಮೊದಲಿಗೆ ಆರಿಸುವುದನ್ನು ನನಗೆ ಒಪ್ಪಲಾಗುತ್ತಿಲ್ಲ. ತಮ್ಮೆಲ್ಲರ ಅಭಿಪ್ರಾಯ ತಿಳಿಸಿ.

ಉತ್ತರ (ಸಿನ್ಸಿನಾಟಿ)

ಕೊಲಂಬಸ್‌ನ ಮಿತ್ರರು ಅಂಕಿಗಳನ್ನು ಚೆನ್ನಾಗಿ ಜೋಡಿಸಿದ್ದಾರೆ. ಆದರೆ ಪ್ರತಿ ಭಾನುವಾರ ಕ್ರೀಡಾಂಗಣದಲ್ಲಿ ಕುಳಿತು ನೋಡುವ ನನ್ನಂಥವರ ಎದೆ ಬಡಿದುಕೊಳ್ಳುವುದು ಬರೋ ಪಾಸ್ ಎಸೆಯಲು ಹಿಂದೆ ಸರಿದ ಕ್ಷಣದಲ್ಲಿ. 27.5 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡ ಆಟಗಾರನನ್ನು ಕಾಯುವುದಕ್ಕಿಂತ ದೊಡ್ಡ ಆದ್ಯತೆ ಯಾವುದಿದೆ? 2020ರ ನವೆಂಬರ್‌ನಲ್ಲಿ ವಾಷಿಂಗ್ಟನ್ ವಿರುದ್ಧ ಅವರ ಮೊಣಕಾಲಿಗೆ ದೊಡ್ಡ ಗಾಯವಾಯಿತು. 2021ರ ಋತುವಿನಲ್ಲಿ ಅವರನ್ನು 51 ಬಾರಿ ಕೆಡವಲಾಯಿತು, ಆ ವರ್ಷದ ಪ್ಲೇಆಫ್‌ನಲ್ಲಿ ಇನ್ನೂ 19 ಬಾರಿ. ಟೆನ್ನೆಸ್ಸೀ ವಿರುದ್ಧದ ಒಂದೇ ಪಂದ್ಯದಲ್ಲಿ ಒಂಬತ್ತು. 2023ರಲ್ಲಿ ಮಣಿಕಟ್ಟಿನ ಗಾಯದಿಂದ ಋತು ಅರ್ಧಕ್ಕೇ ಮುಗಿಯಿತು. ಕಳೆದ ವರ್ಷವೂ 48 ಸ್ಯಾಕ್.

2022ರ ಫೆಬ್ರವರಿಯಲ್ಲಿ ನಡೆದ ಲೀಗ್‌ನ ಅಂತಿಮ ಪಂದ್ಯ ಸೂಪರ್ ಬೌಲ್‌ನ ಕೊನೆಯ ಘಟ್ಟವನ್ನು ನಾನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಲ್ಲ. ಲಾಸ್ ಏಂಜಲೀಸ್ ರ‍್ಯಾಮ್ಸ್ 23–20ರಿಂದ ಮುಂದಿದೆ, ಒಂದು ನಿಮಿಷವೂ ಉಳಿದಿಲ್ಲ, ನಾಲ್ಕನೆಯ ಹಾಗೂ ಕೊನೆಯ ಯತ್ನ, ಬೇಕಾಗಿರುವುದು ಒಂದೇ ಗಜ. ಬದಿಯ ಗೆರೆಯುದ್ದಕ್ಕೂ ಚೇಸ್ ಓಡುತ್ತಿದ್ದಾರೆ, ಅವರನ್ನು ಕಾಯುತ್ತಿದ್ದ ಜೇಲೆನ್ ರ‍್ಯಾಮ್ಸೆ ಎಡವಿ ಬಿದ್ದಿದ್ದಾರೆ, ಮುಂದೆ ಖಾಲಿ ಮೈದಾನ. ಬರೋ ಅತ್ತ ಚೆಂಡು ಕಳುಹಿಸಲು ಇನ್ನೊಂದು ಗಳಿಗೆ ಸಾಕಿತ್ತು. ಆದರೆ ಅವರ ಡಿಫೆನ್ಸಿವ್ ಟ್ಯಾಕಲ್ ಆರನ್ ಡೊನಾಲ್ಡ್ ನಮ್ಮ ಸಾಲಿನ ಒಳಭಾಗವನ್ನು ಭೇದಿಸಿ ಬಂದು ಬರೋ ಅವರ ಅಂಗಿ ಹಿಡಿದು ತಿರುಗಿಸಿದರು. ಬೀಳುತ್ತಲೇ ಎಸೆದ ಚೆಂಡು ಯಾರಿಗೂ ಸಿಗದೆ ನೆಲ ಸೇರಿತು. ಆ ಪಂದ್ಯದಲ್ಲಿ ಬರೋ ಏಳು ಬಾರಿ ಕೆಡವಲ್ಪಟ್ಟರು. ಸೋಲಿಸಿದ್ದು ಅಂಚಿನ ಟ್ಯಾಕಲ್‌ಗಳಷ್ಟೇ ಅಲ್ಲ, ಒಳಗಿನ ಗಾರ್ಡ್‌ಗಳು ಕೂಡ. ಇಂದಿಗೂ ಅದೇ ಜಾಗ ದುರ್ಬಲವಾಗಿದೆ. ಟ್ಯಾಕಲ್ ಜಾಗಗಳಲ್ಲಿ ಆರ್ಲಾಂಡೊ ಬ್ರೌನ್, ಅಮೇರಿಯಸ್ ಮಿಮ್ಸ್ ಇದ್ದಾರೆ; ಅಲೆಕ್ಸ್ ಕಾಪ್ಪಾ ಅವರನ್ನು ಕೈಬಿಟ್ಟ ಮೇಲೆ ಗಾರ್ಡ್ ಜಾಗಗಳನ್ನು ತುಂಬುವವರಾರು?

ಅಲಬಾಮಾದ ಟೈಲರ್ ಬುಕರ್, ನಾರ್ತ್ ಡಕೋಟ ಸ್ಟೇಟ್‌ನ ಗ್ರೇ ಜೇಬಲ್ ಇಬ್ಬರೂ 17ರ ಆಸುಪಾಸಿನಲ್ಲಿ ಹೋಗಬಹುದೆಂಬ ಮಾತಿದೆ. ಇವರಲ್ಲಿ ಒಬ್ಬರನ್ನು ತರಬೇಕು ಎಂಬುದು ನನ್ನ ಮತ. ಗಾರ್ಡ್ ಸಂತೆಯಲ್ಲಿ ಸಿಗುತ್ತಾನೆ ಎಂದು ತಾವು ಬರೆದಿದ್ದೀರಿ. ಹಾಗೆ ಹಣ ಕೊಟ್ಟು ತಂದವರೇ ಕಾಪ್ಪಾ, ಮೂರು ವರ್ಷದಲ್ಲಿ ಆ ಜಾಗ ಮತ್ತೆ ಖಾಲಿಯಾಯಿತು ಎಂಬುದನ್ನು ಮರೆಯಬಾರದು.

ಉತ್ತರ (ಡೇಟನ್)

ಮೇಲಿನ ಇಬ್ಬರಿಗೂ ವಂದನೆಗಳು. ಸಿನ್ಸಿನಾಟಿಯವರು ಹೇಳಿದ ಆ ಕೊನೆಯ ಆಟದ ಜೊತೆಗೆ 2021ರ ಡ್ರಾಫ್ಟ್ ಅನ್ನೂ ಸೇರಿಸಿ ನೋಡಬೇಕು, ಏಕೆಂದರೆ ಸ್ಥಾನಗಳ ಆದ್ಯತೆಯ ಬಗ್ಗೆ ಅದಕ್ಕಿಂತ ದೊಡ್ಡ ವಾದ ನಮ್ಮ ಊರಿನಲ್ಲಿ ಆಗಿಲ್ಲ. ಐದನೆಯ ಆಯ್ಕೆ ನಮ್ಮದಾಗಿತ್ತು. ಒರೆಗಾನ್‌ನ ಟ್ಯಾಕಲ್ ಪೆನೈ ಸೂವೆಲ್ ಬೇಕೆಂದು ಅರ್ಧ ಊರು, ಎಲ್‌ಎಸ್‌ಯು ವಿಶ್ವವಿದ್ಯಾಲಯದಲ್ಲಿ ಬರೋ ಜೊತೆಗೇ ಆಡಿ ಗೆದ್ದಿದ್ದ ಚೇಸ್ ಬೇಕೆಂದು ಇನ್ನರ್ಧ. ತಂಡ ಚೇಸ್ ಅವರನ್ನು ಆರಿಸಿತು, ಸೂವೆಲ್ ಏಳನೆಯವರಾಗಿ ಡೆಟ್ರಾಯಿಟ್‌ಗೆ ಹೋದರು. ಈಗ ಹಿಂದಿರುಗಿ ನೋಡಿದರೆ ಇಬ್ಬರೂ ತಮ್ಮ ತಮ್ಮ ಸ್ಥಾನದಲ್ಲಿ ದೇಶದ ಅಗ್ರಗಣ್ಯರು. ಮೊದಲ ವರ್ಷವೇ 1,455 ಗಜ ಗಳಿಸಿದ ಚೇಸ್ ತಂಡವನ್ನು ಸೂಪರ್ ಬೌಲ್‌ಗೆ ಒಯ್ದರು. ಸೂವೆಲ್ ಡೆಟ್ರಾಯಿಟ್‌ನ ಸಾಲಿಗೆ ಬೆನ್ನೆಲುಬಾದರು.

ನಿಜವಾಗಿ ಕೈತಪ್ಪಿದ್ದು ಎರಡನೆಯ ಸುತ್ತಿನಲ್ಲಿ. 38ರಿಂದ 46ಕ್ಕೆ ಇಳಿದು ನಮ್ಮವರು ಜ್ಯಾಕ್ಸನ್ ಕಾರ್ಮನ್ ಅವರನ್ನು ಆರಿಸಿದರು. ಇಳಿದು ಬಿಟ್ಟುಕೊಟ್ಟ 38ರಲ್ಲಿ ನ್ಯೂ ಇಂಗ್ಲೆಂಡ್ ಡಿಫೆನ್ಸಿವ್ ಟ್ಯಾಕಲ್ ಕ್ರಿಶ್ಚಿಯನ್ ಬಾರ್ಮೋರ್ ಅವರನ್ನು ಪಡೆಯಿತು. 63ರಲ್ಲಿ ಕಾನ್ಸಸ್ ಸಿಟಿಗೆ ಆಕ್ರಮಣ ಸಾಲಿನ ನಟ್ಟನಡುವೆ ನಿಲ್ಲುವ ಸೆಂಟರ್ ಕ್ರೀಡ್ ಹಂಫ್ರಿ ಸಿಕ್ಕರು. ಅದೇ ಕಾನ್ಸಸ್ ಸಿಟಿ ಆರನೆಯ ಸುತ್ತಿನ 226ರಲ್ಲಿ ಗಾರ್ಡ್ ಟ್ರೇ ಸ್ಮಿತ್ ಅವರನ್ನೂ ತಂದಿತು. ಆದ್ದರಿಂದ ಒಳಸಾಲಿನ ಆಟಗಾರರಿಗೆ ಮೊದಲ ಸುತ್ತು ಬೇಕಿಲ್ಲ, ಅವರನ್ನು ಗುರುತಿಸುವ ಕಣ್ಣು ಬೇಕು ಎಂದು ಸಿನ್ಸಿನಾಟಿಯವರಿಗೆ ವಿನಮ್ರವಾಗಿ ಹೇಳಬಯಸುತ್ತೇನೆ.

ಕೊಲಂಬಸ್‌ನವರ ವಾದಕ್ಕೂ ನನ್ನ ಆಕ್ಷೇಪವಿದೆ. ಸಂತೆಗೆ ಬಾರದ ಸರಕು ಎಂದು ತಾವು ಬಣ್ಣಿಸಿದ ಹೆಂಡ್ರಿಕ್ಸನ್ ಅವರೇ ಸಂತೆಯಲ್ಲಿ ಕೊಂಡ ಆಟಗಾರ. ನ್ಯೂ ಆರ್ಲಿಯನ್ಸ್ ಅವರನ್ನು ಮೂರನೆಯ ಸುತ್ತಿನಲ್ಲಿ ಪಡೆದಿತ್ತು, 2021ರಲ್ಲಿ ನಾವು ನಾಲ್ಕು ವರ್ಷಕ್ಕೆ 6 ಕೋಟಿ ಕೊಟ್ಟು ತಂದೆವು. ಡಿಫೆನ್ಸಿವ್ ಟ್ಯಾಕಲ್ ಡಿ.ಜೆ. ರೀಡರ್ ಅವರನ್ನೂ ಹಾಗೆಯೇ ತಂದಿದ್ದು. ಇತ್ತ, ತಾವು ಅಗ್ಗವೆಂದು ಬದಿಗಿಟ್ಟ ಸೇಫ್ಟಿ ಸ್ಥಾನದ ಕಥೆ ಕೇಳಿ. 2018ರ ಎರಡನೆಯ ಸುತ್ತಿನಲ್ಲಿ ಬಂದ ಜೆಸ್ಸಿ ಬೇಟ್ಸ್ ಇಡೀ ರಕ್ಷಣೆಯ ಹಿಂಬದಿಯನ್ನು ಕಾಯುತ್ತಿದ್ದರು. 2023ರಲ್ಲಿ ನಾಲ್ಕು ವರ್ಷಕ್ಕೆ 6.4 ಕೋಟಿಯ ಒಪ್ಪಂದದೊಂದಿಗೆ ಅವರು ಅಟ್ಲಾಂಟಾಗೆ ಹೋದರು. ಆ ಜಾಗಕ್ಕೆಂದು 2022ರ ಮೊದಲ ಸುತ್ತಿನಲ್ಲಿ ತಂದ ಡ್ಯಾಕ್ಸ್ ಹಿಲ್ ಅಲ್ಲಿ ನೆಲೆಗೊಳ್ಳದೆ, ಎದುರಾಳಿ ರಿಸೀವರ್‌ಗಳನ್ನು ಕಾಯುವ ಕಾರ್ನರ್‌ಬ್ಯಾಕ್ ಜಾಗಕ್ಕೆ ಹೋಗಬೇಕಾಯಿತು, ಕಳೆದ ಅಕ್ಟೋಬರ್‌ನಲ್ಲಿ ಮೊಣಕಾಲಿಗೆ ಗಾಯವೂ ಆಯಿತು. ನವೆಂಬರ್ 7ರಂದು ಬಾಲ್ಟಿಮೋರ್‌ನಲ್ಲಿ ನಾವು 21–7ರಿಂದ ಮುಂದಿದ್ದೆವು. ಕೊನೆಯ ಭಾಗದಲ್ಲಿ ಟೈಲಾನ್ ವಾಲೇಸ್ ಎಂಬ ರಿಸೀವರ್ ಪುಟ್ಟ ಪಾಸ್ ಹಿಡಿದು, ಒಬ್ಬರಾದ ಮೇಲೊಬ್ಬರ ಹಿಡಿತದಿಂದ ಜಾರಿ, ಬದಿಯ ಗೆರೆಯ ಅಂಚಿನಲ್ಲಿ ಪಾದ ಜಾರದಂತೆ ಹೆಜ್ಜೆಯಿಟ್ಟು 84 ಗಜ ಓಡಿದರು. ಅಲ್ಲಿ ಕೊರತೆಯಾದದ್ದು ಎಡ್ಜ್ ರಷರ್ ಅಲ್ಲ. ಕೋನ ಹಿಡಿದು ಓಡಿ ಕೆಡವಬಲ್ಲ ಸೇಫ್ಟಿ ಮತ್ತು ಲೈನ್‌ಬ್ಯಾಕರ್. ಅಂದು ಚೇಸ್ 264 ಗಜ ಗಳಿಸಿಯೂ ನಾವು ಒಂದು ಅಂಕದಿಂದ ಸೋತೆವು.

ಅಲಬಾಮಾದ ಲೈನ್‌ಬ್ಯಾಕರ್ ಜಿಹಾದ್ ಕ್ಯಾಂಪ್‌ಬೆಲ್ ಅಥವಾ ಜಾರ್ಜಿಯಾದ ಸೇಫ್ಟಿ ಮಲಾಕೈ ಸ್ಟಾರ್ಕ್ಸ್ 17ರಲ್ಲಿ ಉಳಿದಿದ್ದರೆ ನಾನು ಹಿಂಜರಿಯದೆ ಆರಿಸುತ್ತೇನೆ. ಜರ್ಮೇನ್ ಪ್ರ್ಯಾಟ್ ತಂಡ ಬಿಡಲು ಕೇಳಿಕೊಂಡಿರುವಾಗ ಲೈನ್‌ಬ್ಯಾಕರ್ ಅಗತ್ಯ ಇನ್ನೂ ಹೆಚ್ಚಿದೆ.

ಪ್ರಶ್ನೆ (ಬೆಂಗಳೂರು)

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಈ ಆಟವನ್ನು ಈಚೆಗೆ ನೋಡಲು ಶುರುಮಾಡಿದವನ ಪ್ರಶ್ನೆ ಇದು. ಸಾಕ್ವಾನ್ ಬಾರ್ಕ್ಲಿ ಕಳೆದ ವರ್ಷ 2,005 ಗಜ ಓಡಿ ಫಿಲಡೆಲ್ಫಿಯಾವನ್ನು ಗೆಲ್ಲಿಸಿದ್ದನ್ನು ನೋಡಿದೆ. ಈ ಬಾರಿ ಬಾಯ್ಸಿ ಸ್ಟೇಟ್‌ನ ಆಶ್ಟನ್ ಜೆಂಟಿ ಕಾಲೇಜಿನಲ್ಲಿ 2,601 ಗಜ ಓಡಿದ್ದಾರೆ. ಹೀಗಿರುವಾಗ ರನ್ನಿಂಗ್ ಬ್ಯಾಕ್ ಸ್ಥಾನದ ಮಾತನ್ನು ತಾವು ಯಾರೂ ಎತ್ತದಿರುವುದೇಕೆ?

ಉತ್ತರ (ಕೊಲಂಬಸ್)

ಬೆಂಗಳೂರಿನವರ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಬಾರ್ಕ್ಲಿ ಅವರ ಉದಾಹರಣೆಯೇ ಆ ಸ್ಥಾನಕ್ಕೆ ಮೊದಲ ಸುತ್ತು ಏಕೆ ಬೇಡ ಎಂಬುದಕ್ಕೆ ಸಾಕ್ಷಿ. 2018ರಲ್ಲಿ ಎರಡನೆಯ ಆಯ್ಕೆಯನ್ನು ಅವರಿಗೆ ಖರ್ಚು ಮಾಡಿದ್ದು ನ್ಯೂಯಾರ್ಕ್ ಜಯಂಟ್ಸ್. ಆರು ವರ್ಷ ಅವರು ಹರಕು ಸಾಲಿನ ಹಿಂದೆ ಓಡಿದರು. ಆ ಬಳಿಕ ಹಣ ಕೊಟ್ಟು ಅವರನ್ನು ಕೊಂಡ ಫಿಲಡೆಲ್ಫಿಯಾ, ಅಷ್ಟರಲ್ಲಾಗಲೇ ಡ್ರಾಫ್ಟ್ ಮೂಲಕ ಬಲವಾದ ಸಾಲನ್ನು ಕಟ್ಟಿಕೊಂಡಿತ್ತು. ಲೇನ್ ಜಾನ್ಸನ್ 2013ರ ನಾಲ್ಕನೆಯ ಆಯ್ಕೆ. ಆಸ್ಟ್ರೇಲಿಯಾದಲ್ಲಿ ರಗ್ಬಿ ಆಡುತ್ತಿದ್ದ ಜೋರ್ಡನ್ ಮೈಲಾಟಾ 2018ರ ಏಳನೆಯ ಸುತ್ತಿನಲ್ಲಿ ಬಂದವರು. ನಮ್ಮಲ್ಲಿಯೂ ಚೇಸ್ ಬ್ರೌನ್ ಐದನೆಯ ಸುತ್ತಿನಲ್ಲಿ ಬಂದು ಕಳೆದ ವರ್ಷ 990 ಗಜ ಓಡಿದರು. 1995ರಲ್ಲಿ ಬೆಂಗಾಲ್ಸ್ ಐದರಿಂದ ಒಂದಕ್ಕೆ ಏರಿ ಕಿ-ಜಾನಾ ಕಾರ್ಟರ್ ಎಂಬ ರನ್ನಿಂಗ್ ಬ್ಯಾಕ್ ಅನ್ನು ತಂದಿತ್ತು. ಋತು ಆರಂಭವಾಗುವ ಮೊದಲೇ, ಅಭ್ಯಾಸ ಪಂದ್ಯದಲ್ಲೇ ಅವರ ಮೊಣಕಾಲು ಹೋಯಿತು. ಇಲ್ಲಿನ ಹಿರಿಯ ಅಭಿಮಾನಿಗಳಿಗೆ ಆ ನೋವು ಇನ್ನೂ ಆರಿಲ್ಲ.

ಡೇಟನ್‌ನವರ ಆಕ್ಷೇಪ ಗಂಭೀರವಾದುದು. ಹೆಂಡ್ರಿಕ್ಸನ್ ಅವರನ್ನು ಕೊಂಡದ್ದು ನಿಜ. ಆದರೆ 2021ರಲ್ಲಿ ಅವರ ಬಳಿ ಇದ್ದದ್ದು 13.5 ಸ್ಯಾಕ್‌ಗಳ ಒಂದೇ ಒಂದು ದೊಡ್ಡ ಋತು, ಅದು ನಿಲ್ಲುವುದೇ ಎಂಬ ಅನುಮಾನ ಎಲ್ಲರಿಗೂ ಇತ್ತು, ಆ ಅನುಮಾನದಿಂದಲೇ ಬೆಲೆ ಇಳಿದಿತ್ತು. ಆ ವರ್ಷದ ಕ್ಯಾಪ್ ಕೂಡ 18.25 ಕೋಟಿಗೆ ಕುಸಿದಿತ್ತು. ಅಂಥ ಅವಕಾಶವನ್ನು ಯೋಜನೆ ಮಾಡಿ ಪಡೆಯಲಾಗದು. ಈ ಮಾರ್ಚ್‌ನ ದರ ನೋಡಿದರೆ ಪರಿಸ್ಥಿತಿ ತಿಳಿಯುತ್ತದೆ. ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಫಿಲಡೆಲ್ಫಿಯಾ ಒಮ್ಮೆಯೂ ಹೆಚ್ಚುವರಿ ಆಟಗಾರರನ್ನು ನುಗ್ಗಿಸದೆ, ಮುಂಚೂಣಿಯ ನಾಲ್ವರಿಂದಲೇ ಪ್ಯಾಟ್ರಿಕ್ ಮಹೋಮ್ಸ್ ಅವರನ್ನು ಆರು ಬಾರಿ ಕೆಡವಿ 40–22ರಿಂದ ಗೆದ್ದಿತು. ಅಲ್ಲಿ ಮಿಂಚಿದ ಜಾಶ್ ಸ್ವೆಟ್ ನಾಲ್ಕನೆಯ ಸುತ್ತಿನ ಆಟಗಾರ, ಮಿಲ್ಟನ್ ವಿಲಿಯಮ್ಸ್ ಮೂರನೆಯ ಸುತ್ತಿನವರು. ತಿಂಗಳು ಕಳೆಯುತ್ತಲೇ ಇಬ್ಬರನ್ನೂ ಬೇರೆ ತಂಡಗಳು ಎಗರಿಸಿಕೊಂಡು ಹೋದವು. ವಿಲಿಯಮ್ಸ್ ಅವರಿಗೆ ನ್ಯೂ ಇಂಗ್ಲೆಂಡ್ ಕೊಟ್ಟದ್ದು ನಾಲ್ಕು ವರ್ಷಕ್ಕೆ 10.4 ಕೋಟಿ. ಅಷ್ಟು ಹಣ ತೆರುವ ಶಕ್ತಿ ನಮ್ಮ ತಂಡಕ್ಕಿಲ್ಲ. ಫಿಲಡೆಲ್ಫಿಯಾ ಅವರನ್ನು ನಿಶ್ಚಿಂತೆಯಿಂದ ಬಿಟ್ಟುಕೊಡಲು ಸಾಧ್ಯವಾದದ್ದು 2022ರಲ್ಲಿ ಜೋರ್ಡನ್ ಡೇವಿಸ್, 2023ರಲ್ಲಿ ಜೇಲೆನ್ ಕಾರ್ಟರ್ ಮತ್ತು ನೋಲನ್ ಸ್ಮಿತ್ ಎಂದು ಮೊದಲ ಸುತ್ತಿನ ಆಯ್ಕೆಗಳನ್ನು ಅದೇ ಸಾಲಿಗೆ ಮತ್ತೆ ಮತ್ತೆ ಸುರಿದಿದ್ದರಿಂದ.

ಅದೇ ತಂಡದ ಲೈನ್‌ಬ್ಯಾಕರ್ ಜ್ಯಾಕ್ ಬಾನ್ ಅವರನ್ನು ನೋಡಿ. ನ್ಯೂ ಆರ್ಲಿಯನ್ಸ್‌ನಲ್ಲಿ ನಾಲ್ಕು ವರ್ಷ ಹೆಚ್ಚಾಗಿ ಅಂಚಿನಲ್ಲಿದ್ದ ಅವರನ್ನು ಫಿಲಡೆಲ್ಫಿಯಾ ಒಂದು ವರ್ಷಕ್ಕೆ 35 ಲಕ್ಷ ಡಾಲರ್‌ಗೆ ತಂದು ನಡುವೆ ನಿಲ್ಲಿಸಿತು, ಆ ವರ್ಷವೇ ಅವರು ಲೀಗ್‌ನ ಶ್ರೇಷ್ಠ ಆಟಗಾರರನ್ನು ಹೆಸರಿಸುವ ಆಲ್-ಪ್ರೊ ತಂಡಕ್ಕೆ ಆಯ್ಕೆಯಾದರು. ಮುಂದಿನ ನಾಲ್ವರು ಎದುರಾಳಿಯನ್ನು ಅವಸರಕ್ಕೆ ನೂಕಿದರೆ ಹಿಂದಿನವರ ಕೆಲಸ ಹಗುರವಾಗುತ್ತದೆ. ಬೇಟ್ಸ್ ಅವರನ್ನು ಬಿಟ್ಟದ್ದು ತಪ್ಪು ಎಂಬ ತಮ್ಮ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ನಷ್ಟವನ್ನು ತುಂಬಿಕೊಳ್ಳಲು ಮೊದಲ ಸುತ್ತಿನ ಆಯ್ಕೆಯನ್ನು ಸೇಫ್ಟಿಗೆ ಕೊಟ್ಟಾಗ ಏನಾಯಿತೆಂದು ತಾವೇ ಬರೆದಿದ್ದೀರಿ. ಬೇಟ್ಸ್ ಸ್ವತಃ ಎರಡನೆಯ ಸುತ್ತಿನವರಾಗಿದ್ದರು.

ಉತ್ತರ (ಬಾಲ್ಟಿಮೋರ್ ಹತ್ತಿರದಿಂದ)

ನಾನು ರೇವನ್ಸ್ ಅಭಿಮಾನಿ. ಎದುರಾಳಿ ಪಾಳೆಯದವನ ಮಾತನ್ನು ಕೇಳಿಸಿಕೊಳ್ಳುವಿರೆಂದು ನಂಬಿದ್ದೇನೆ. ತಮ್ಮ ಮೂವರ ವಾದಗಳೂ ಸ್ಥಾನವನ್ನು ಮೊದಲು ನಿಶ್ಚಯಿಸಿ ಆಮೇಲೆ ಆಟಗಾರನನ್ನು ಹುಡುಕುತ್ತಿವೆ. ನಮ್ಮ ತಂಡದ ರೂಢಿ ಬೇರೆ. 1996ರಲ್ಲಿ, ತಂಡ ಬಾಲ್ಟಿಮೋರ್‌ಗೆ ಬಂದ ಮೊದಲ ವರ್ಷದ ಡ್ರಾಫ್ಟ್‌ನಲ್ಲಿ, ನಾಲ್ಕನೆಯ ಆಯ್ಕೆಗೆ ಮಾಲೀಕ ಆರ್ಟ್ ಮೊಡೆಲ್ ಅವರ ಒಲವು ಲಾರೆನ್ಸ್ ಫಿಲಿಪ್ಸ್ ಎಂಬ ರನ್ನಿಂಗ್ ಬ್ಯಾಕ್ ಕಡೆಗಿತ್ತು. ಆಟಗಾರರ ಆಯ್ಕೆಯ ಹೊಣೆ ಹೊತ್ತಿದ್ದ ಓಜಿ ನ್ಯೂಸಮ್ ತಮ್ಮ ಪಟ್ಟಿಯಲ್ಲಿ ಮೇಲಿದ್ದ ಟ್ಯಾಕಲ್ ಜೊನಾಥನ್ ಆಗ್ಡನ್ ಅವರನ್ನೇ ಆರಿಸಿದರು. ಅದೇ ಸುತ್ತಿನ 26ರಲ್ಲಿ ಲೈನ್‌ಬ್ಯಾಕರ್ ರೇ ಲೂಯಿಸ್ ಬಂದರು. ಇಬ್ಬರೂ ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಸೇಫ್ಟಿಗೆ ಅಷ್ಟು ಬೆಲೆಯಿಲ್ಲವೆಂದು ಉಳಿದ ತಂಡಗಳು ಬಿಟ್ಟುಕೊಟ್ಟಿದ್ದರಿಂದ 2022ರಲ್ಲಿ ಕೈಲ್ ಹ್ಯಾಮಿಲ್ಟನ್ 14ರವರೆಗೆ ಜಾರಿ ನಮಗೆ ದಕ್ಕಿದರು.

ಡೆಟ್ರಾಯಿಟ್ 2023ರಲ್ಲಿ ರನ್ನಿಂಗ್ ಬ್ಯಾಕ್ ಜಮೀರ್ ಗಿಬ್ಸ್ ಅವರನ್ನು 12ರಲ್ಲೂ ಲೈನ್‌ಬ್ಯಾಕರ್ ಜ್ಯಾಕ್ ಕ್ಯಾಂಪ್‌ಬೆಲ್ ಅವರನ್ನು 18ರಲ್ಲೂ ಆರಿಸಿದಾಗ, ಇಲ್ಲಿ ಮಂಡಿಸಿರುವ ಬೆಲೆಯ ಲೆಕ್ಕವನ್ನೇ ಮುಂದಿಟ್ಟು ಬಹಳ ಮಂದಿ ಟೀಕಿಸಿದರು. ಆ ಋತುವಿನಲ್ಲೇ ಡೆಟ್ರಾಯಿಟ್ ಸೂಪರ್ ಬೌಲ್‌ಗೆ ಒಂದು ಹೆಜ್ಜೆ ದೂರದವರೆಗೆ ಹೋಯಿತು. ಬೆಂಗಾಲ್ಸ್‌ಗೆ ನನ್ನ ಸಲಹೆ ಇಷ್ಟೇ. ಎಡ್ಜ್ ಬೇಕು ಎಂಬ ಆತುರದಲ್ಲಿ ಪಟ್ಟಿಯಲ್ಲಿ 30ನೆಯವನಾಗಿರುವ ಹುಡುಗನನ್ನು 17ಕ್ಕೆ ಎಳೆದು ತರಬೇಡಿ. ಮರ್ಫಿ ವಿಷಯದಲ್ಲಿ ಅದೇ ಆಯಿತೆಂಬುದು ನನ್ನ ಅನಿಸಿಕೆ.

ಉತ್ತರ (ಕೊಲಂಬಸ್)

ಎದುರಾಳಿ ಪಾಳೆಯದ ಮಿತ್ರರಿಗೆ ಸ್ವಾಗತ. ತಮ್ಮ ತಂಡದ ರೂಢಿಯ ಬಗ್ಗೆ ನನಗೆ ಗೌರವವಿದೆ, ಆದರೆ ಆಗ್ಡನ್ ಅವರ ಉದಾಹರಣೆ ನನ್ನ ಪಕ್ಷಕ್ಕೇ ಬಲ ಕೊಡುತ್ತದೆ: ರನ್ನಿಂಗ್ ಬ್ಯಾಕ್ ಬಿಟ್ಟು ಟ್ಯಾಕಲ್ ತಂದದ್ದರಿಂದ ಹನ್ನೆರಡು ಋತುಗಳ ನೆಮ್ಮದಿ ಸಿಕ್ಕಿತು. ಪಟ್ಟಿಯನ್ನೇ ನಂಬಬೇಕೆಂಬ ಮಾತಿಗೆ ಬಂದರೆ, ಪಟ್ಟಿ ಮಾಡುವಾಗಲೇ ಸ್ಥಾನದ ಬೆಲೆಯನ್ನು ಅದರೊಳಗೆ ಸೇರಿಸಬೇಕೆಂಬುದು ನನ್ನ ವಾದ. ಒಬ್ಬ ಸೇಫ್ಟಿ ಮತ್ತು ಒಬ್ಬ ಎಡ್ಜ್ ಆಟಗಾರ ಆಟದಲ್ಲಿ ಸರಿಸಮಾನರೆಂದು ಕಂಡಾಗ ಎಡ್ಜ್ ಆಟಗಾರನ ಹೆಸರು ಮೇಲೆ ಬರಬೇಕು. ಸೇಫ್ಟಿ ಬಹಳ ಮೇಲಿನವನಾಗಿದ್ದರೆ ಅವನೇ ಬರಲಿ. ಹ್ಯಾಮಿಲ್ಟನ್ ಅಂಥವರು ಎದುರಿಗಿದ್ದರೆ ನಾನೂ ಬೇಡವೆನ್ನುವುದಿಲ್ಲ. ಈ ಬಾರಿ ಸ್ಟಾರ್ಕ್ಸ್ ಆ ಮಟ್ಟದವರೆಂದು ನನಗೆ ತೋರುತ್ತಿಲ್ಲ.

ಈಗ ಹೆಸರುಗಳಿಗೆ ಬರೋಣ. ಜಾರ್ಜಿಯಾದ ಜೇಲನ್ ವಾಕರ್ ಮತ್ತು ಮೈಕೆಲ್ ವಿಲಿಯಮ್ಸ್ 17ರವರೆಗೆ ಉಳಿಯುವುದು ಕಷ್ಟ. ಉಳಿಯಬಹುದಾದವರಲ್ಲಿ ಹೆಚ್ಚು ವಾದ ಹುಟ್ಟಿಸುವವರು ಟೆಕ್ಸಸ್ ಎ ಆ್ಯಂಡ್ ಎಂನ ಶೆಮಾರ್ ಸ್ಟೂವರ್ಟ್. 267 ಪೌಂಡ್ ತೂಕದ ಹುಡುಗ 40 ಗಜಗಳನ್ನು 4.59 ಸೆಕೆಂಡಿನಲ್ಲಿ ಓಡಿದ್ದಾರೆ. ಅಂಥ ದೇಹ, ಅಂಥ ವೇಗ ಒಟ್ಟಿಗೆ ಸಿಗುವುದು ವಿರಳ. ಆದರೆ ಮೂರು ವರ್ಷದ ಕಾಲೇಜು ಆಟದಲ್ಲಿ ಅವರ ಒಟ್ಟು ಸ್ಯಾಕ್‌ಗಳು ನಾಲ್ಕೂವರೆ ಮಾತ್ರ. ಬಾಲ್ಟಿಮೋರ್‌ನವರು ಎಚ್ಚರಿಸಿದ ಅಪಾಯ ಇಲ್ಲಿದೆ, ಅದನ್ನು ತಳ್ಳಿಹಾಕಲಾರೆ. ನನಗೆ ಧೈರ್ಯ ಕೊಡುವುದು ಮಿಮ್ಸ್ ಅವರ ಅನುಭವ. ಕಳೆದ ವರ್ಷ 18ರಲ್ಲಿ ಬಂದ ಅವರು ಕಾಲೇಜಿನಲ್ಲಿ ಆರಂಭದಿಂದ ಆಡಿದ್ದು ಎಂಟೇ ಪಂದ್ಯ. ಅದೂ ಜೂಜೆಂದೇ ಹಲವರು ಹೇಳಿದ್ದರು, ಆದರೆ ಮೊದಲ ವರ್ಷವೇ ಬಲ ಟ್ಯಾಕಲ್ ಜಾಗವನ್ನು ಹಿಡಿದು ನಿಂತರು. ಸ್ಟೂವರ್ಟ್ ಅವರನ್ನು ತಂದರೆ ಹೆಂಡ್ರಿಕ್ಸನ್ ಅವರನ್ನು ಕನಿಷ್ಠ ಈ ವರ್ಷ ಉಳಿಸಿಕೊಳ್ಳಲೇಬೇಕು. ಕಲಿಯುವ ಹುಡುಗನ ಹೆಗಲಿಗೆ 17.5 ಸ್ಯಾಕ್‌ಗಳ ಭಾರ ಹೊರಿಸುವುದು ಅನ್ಯಾಯ.

ಸ್ಟೂವರ್ಟ್ ಬೇಡವೆನ್ನುವವರಿಗೆ ಒರೆಗಾನ್‌ನ ಡಿಫೆನ್ಸಿವ್ ಟ್ಯಾಕಲ್ ಡೆರಿಕ್ ಹಾರ್ಮನ್ ಇದ್ದಾರೆ. ಸೂಪರ್ ಬೌಲ್‌ನಲ್ಲಿ ಆರನ್ ಡೊನಾಲ್ಡ್ ನಮಗೆ ಮಾಡಿದ್ದನ್ನು ಸಿನ್ಸಿನಾಟಿಯವರು ಗಾರ್ಡ್‌ಗಳ ದೌರ್ಬಲ್ಯವೆಂದು ನೋಡಿದರು. ಅದೇ ಆಟವನ್ನು ಇನ್ನೊಂದು ಬದಿಯಿಂದ ನೋಡಿ: ಸಾಲಿನ ನಡುವಿನಿಂದ ಎರಡೇ ಕ್ಷಣದಲ್ಲಿ ಬಂದೆರಗುವ ಆಟಗಾರನಿದ್ದರೆ ಚೇಸ್ ಅಂಥವರು ಖಾಲಿ ಮೈದಾನದಲ್ಲಿ ಓಡುತ್ತಿದ್ದರೂ ಪ್ರಯೋಜನವಿಲ್ಲ. ರೀಡರ್ ಹೋದ ಮೇಲೆ ಆ ಜಾಗದಲ್ಲಿ ನಮಗೆ ಅಂಥ ಭಾರ ಕಾಣಿಸಿಲ್ಲ. ಕಳೆದ ವರ್ಷ 49ರಲ್ಲಿ ಬಂದ ಕ್ರಿಸ್ ಜೆಂಕಿನ್ಸ್ ಇನ್ನೂ ಬೆಳೆಯಬೇಕಾದವರು.

49ರಲ್ಲಿ ಲೈನ್‌ಬ್ಯಾಕರ್ ತರಲಿ, ಡೇಟನ್‌ನವರ ಜೊತೆ ನನಗೆ ಅಲ್ಲಿ ಜಗಳವಿಲ್ಲ. 81ರಲ್ಲಿ ಗಾರ್ಡ್.

ಉತ್ತರ (ಸಿನ್ಸಿನಾಟಿ)

ಎಡ್ಜ್ ಆಟಗಾರನ ಬೆಲೆಯ ಲೆಕ್ಕ ನನಗೆ ಅರ್ಥವಾಯಿತು, 17ರ ವಿಷಯದಲ್ಲಿ ಹಟ ಮಾಡುವುದಿಲ್ಲ. ಆದರೆ ಗಾರ್ಡ್‌ಗಾಗಿ 81ರವರೆಗೆ ಕಾಯಿರಿ ಎಂಬ ಮಾತನ್ನು ಒಪ್ಪಲಾರೆ. 2021ರ ಎರಡನೆಯ ಸುತ್ತಿನಲ್ಲಿ ಬಾರ್ಮೋರ್ ಮತ್ತು ಹಂಫ್ರಿ ಇಬ್ಬರನ್ನೂ ಕಳೆದುಕೊಂಡ ತಂಡಕ್ಕೆ ತಾವು ಮತ್ತೆ ಅದೇ ತಾಳ್ಮೆಯನ್ನು ಬೋಧಿಸುತ್ತಿದ್ದೀರಿ. ಲೂಕಸ್ ಪ್ಯಾಟ್ರಿಕ್ ಅವರನ್ನು ಈಗಷ್ಟೇ ಕರೆತಂದಿದ್ದಾರೆ, ಕಾರ್ಡೆಲ್ ವೋಲ್ಸನ್ ಇದ್ದಾರೆ. ಇವರಿಬ್ಬರನ್ನು ನಂಬಿ ಸೆಪ್ಟೆಂಬರ್‌ಗೆ ಹೋಗುವುದೆಂದರೆ ಕಳೆದ ವರ್ಷದ 48 ಸ್ಯಾಕ್‌ಗಳನ್ನು ಮತ್ತೆ ಆಹ್ವಾನಿಸಿದಂತೆ. ಅಂಚಿನ ಆಟಗಾರ ತಿಂಗಳು ಕಲಿತು ಪಳಗಬಹುದು, ಎರಡನೆಯ ವರ್ಷ ಮಿಂಚಬಹುದು. ಬರೋ ಅವರ ಎದುರು ನಿಲ್ಲುವವನು ಮಾತ್ರ ಮೊದಲ ಪಂದ್ಯದ ಮೊದಲ ಆಟದಿಂದಲೇ ಗಟ್ಟಿಯಾಗಿರಬೇಕು. 49ರಲ್ಲಿ ಗಾರ್ಡ್, 81ರಲ್ಲಿ ಲೈನ್‌ಬ್ಯಾಕರ್: ಜ್ಯಾಕ್ ಬಾನ್ ಅವರ ಕಥೆಯನ್ನು ಹೇಳಿದ ತಾವು ಈ ಕ್ರಮಕ್ಕೆ ಹೇಗೆ ಬೇಡವೆನ್ನುತ್ತೀರಿ?

ಉತ್ತರ (ಕೊಲಂಬಸ್)

ಬಾನ್ ಅವರ ಉದಾಹರಣೆಯನ್ನು ತಂದವನು ನಾನೇ ಆಗಿರುವುದರಿಂದ ಬೇಡವೆನ್ನಲು ನನ್ನ ಬಳಿ ಕಾರಣವಿಲ್ಲ. 17ರಲ್ಲಿ ಸ್ಟೂವರ್ಟ್ ಅಥವಾ ಹಾರ್ಮನ್, 49ರಲ್ಲಿ ಗಾರ್ಡ್, 81ರಲ್ಲಿ ಲೈನ್‌ಬ್ಯಾಕರ್, 119ರಲ್ಲಿ ಬೇಟ್ಸ್ ಅವರಂತೆ ಹಿಂಬದಿಯ ಉದ್ದಗಲಕ್ಕೂ ಓಡಬಲ್ಲ ಸೇಫ್ಟಿ ಎಂದು ನನ್ನ ಪಟ್ಟಿಯನ್ನು ತಿದ್ದಿಕೊಂಡಿದ್ದೇನೆ. ಕೊನೆಯ ಎರಡು ಆಯ್ಕೆಗಳ ಬಗ್ಗೆ, ಅದರಲ್ಲೂ ಬ್ರೌನ್ ಜೊತೆಗೆ ಓಡಲು 193ರಲ್ಲಿ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಬೇಕೇ ಎಂಬ ಬಗ್ಗೆ, ಡೇಟನ್‌ನವರೂ ಬೆಂಗಳೂರಿನವರೂ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.